ಉದಾಹರಣೆಗೆ ನನ್ನ ಹೆಸರು

ಕೊಪ್ಪದ ಬಸ್ ಸ್ಟ್ಯಾಂಡಿನ ಎದುರು ಮೆಟ್ಟಿಲು ಹತ್ತಿದರೆ ಮೊದಲು ದರ್ಜಿ, ಆಮೇಲೆ ನಾವು. ನಾವು ಅಂದರೆ ಷೇರು ಕೊಳ್ಳುವ, ಮಾರುವ ಅಂಗಡಿ: ಅಡಿಕೆ ವ್ಯಾಪಾರದಿಂದ ಈ ಕಡೆ ಹೊರಳಿದ ಸಾಹುಕಾರರು, ಎರಡು ಕಂಪ್ಯೂಟರು, ಕರೆಂಟು ಹೋದಾಗ ಕಿರುಚುವ ಯುಪಿಎಸ್ಸು, ಮತ್ತೆ ನಾನು. ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿತ್ತು.

ಷೇರುಪೇಟೆಯಲ್ಲಿ ಪ್ರತಿ ಕಂಪನಿಗೂ ಇಂಗ್ಲಿಷ್ ಅಕ್ಷರಗಳ ಒಂದು ಚುಟುಕು ಗುರುತು ಇರುತ್ತದೆ. ನಾವು ಅದನ್ನು ಸಿಂಬಲ್ ಎನ್ನುತ್ತಿದ್ದೆವು. ಕಂಪನಿ ಹೆಸರು ಬದಲಾಯಿಸಿಕೊಂಡರೆ ಸಿಂಬಲ್ಲೂ ಬದಲಾಗಿ, ಹಳೆಯದು ಒಂದು ಬೆಳಿಗ್ಗೆ ಪರದೆಯಿಂದ ಮಾಯವಾಗುತ್ತಿತ್ತು. ಇದನ್ನು ನಮ್ಮೂರಿನವರಿಗೆ ಹೇಳುವುದು ಹೇಗೆ? ಇಲ್ಲಿ ಯಾರೋ ಬಸ್ಸು ಕೊಂಡು, ಬಣ್ಣ ಬಳಿಸಿ, ಹೊಸ ಹೆಸರು ಬರೆಸಿ, ಕಾಯಿ ಒಡೆದು ರಸ್ತೆಗೆ ಬಿಟ್ಟರೂ ಜನ ಅದನ್ನು ಹಳೆ ಹೆಸರಿನಲ್ಲೇ ಕೈ ಅಡ್ಡ ಹಾಕಿ ನಿಲ್ಲಿಸುತ್ತಾರೆ. ಭಂಡಿಗಡಿಯ ಹಿರಿಯರೊಬ್ಬರು ತಮ್ಮ ಕಂಪನಿ ಪರದೆಯಲ್ಲಿ ಕಾಣದೆ, ಅದು ತೀರಿಕೊಂಡಿತೆಂದೇ ತಿಳಿದು, ಬೆಂಚಿನ ಮೇಲೆ ಕೂತು ನೀರು ಕೇಳಿ ಕುಡಿದಿದ್ದರು.

ಶಿವಮೊಗ್ಗದಲ್ಲಿದ್ದ ಸಾಹುಕಾರರ ಅಳಿಯ ಇದಕ್ಕೊಂದು ಪ್ರೋಗ್ರಾಂ ಬರೆದು ಸಿ.ಡಿ.ಯಲ್ಲಿ ಕಳಿಸಿಕೊಟ್ಟರು. ಒಂದು ಚೌಕದಲ್ಲಿ ಹಳೆ ಸಿಂಬಲ್, ಪಕ್ಕದ ಚೌಕದಲ್ಲಿ ಹೊಸದು ಹೊಡೆದು ಗುಂಡಿ ಒತ್ತಿದರೆ, ಗ್ರಾಹಕರ ಲೆಕ್ಕದಲ್ಲೆಲ್ಲ ಹಳೆಯದು ಹೋಗಿ ಹೊಸದು ಕೂರಬೇಕು. ಅದನ್ನು ಬಳಸುವ ಕ್ರಮವನ್ನು ಕನ್ನಡದಲ್ಲಿ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಬಿ.ಎ.ಯಲ್ಲಿ ಕನ್ನಡ ಓದಿದ್ದೇ ನನ್ನ ಯೋಗ್ಯತೆ.

ಬರೆದೆ. ಸಾಹುಕಾರರಿಗೆ ಅರ್ಥವಾಗಲಿಲ್ಲ. ತಿದ್ದಿ ಬರೆದೆ, ಆಗಲೂ ಇಲ್ಲ. ಕಂಪನಿ ಅದೇ, ಷೇರು ಅದೇ, ಹೆಸರು ಮಾತ್ರ ಬೇರೆ ಎಂದರೆ, ಹೆಸರೇ ಬೇರೆ ಆದ ಮೇಲೆ ಅದೇ ಹೇಗಾಗುತ್ತದೆ ಎಂದು ಕೇಳುತ್ತಿದ್ದರು. ನನಗೆ ರೇಗಿತು. ಈ ಪ್ರಶ್ನೆಯನ್ನು ನನ್ನ ಹತ್ತಿರವೇ ಕೇಳಬೇಕಾ?

ನನ್ನ ತವರಿನ ಹೆಸರೂ ನನ್ನ ಅತ್ತೆಯ ಹೆಸರೂ ಒಂದೇ. ಗಂಡನಾದವನು ತಾಯಿಯ ಹೆಸರು ಹಿಡಿದು ಹೆಂಡತಿಯನ್ನು ಕೂಗುವುದುಂಟೇ? ಅದಕ್ಕೇ ಮದುವೆಯ ದಿನ ಹರಿವಾಣದ ಅಕ್ಕಿಯ ಮೇಲೆ ಉಂಗುರದಲ್ಲಿ ಬರೆಸಿ ನನಗೆ ಹೊಸ ಹೆಸರು ಇಟ್ಟರು. ಆರಿಸಿದ್ದು ಅತ್ತೆ. ಒಳ್ಳೆಯ ಹೆಸರೇ, ಆದರೆ ಆ ಹೆಸರು ಹಿಡಿದು ಹಿಂದಿನಿಂದ ಕರೆದರೆ ನಾನು ಎಷ್ಟೋ ದಿನ ತಿರುಗಿಯೇ ನೋಡುತ್ತಿರಲಿಲ್ಲ. ಸೊಸೆಗೆ ಸೊಕ್ಕು ಎಂದರು. ಹಳೆ ಹೆಸರಲ್ಲಿ ನನ್ನನ್ನು ಕೂಗಲು ಅಪ್ಪ ಒಬ್ಬರಿದ್ದರು, ಅವರೂ ಹೋದರು. ಅತ್ತೆಯನ್ನಾದರೂ ಯಾರು ಹೆಸರು ಹಿಡಿದು ಕರೆಯುತ್ತಾರೆ? ಎಲ್ಲರಿಗೂ ಅವರು ದೊಡ್ಡಮ್ಮ. ಒಂದೇ ಹೆಸರಿಗೆ ಮನೆಯಲ್ಲಿ ಇಬ್ಬರು ವಾರಸುದಾರರು, ಬಳಸುವವರು ಯಾರೂ ಇಲ್ಲ. ಒಂದೇ ಒಂದು ಸಲ ಯಾರಾದರೂ ನನ್ನನ್ನು ಹಾಗೆ ಕರೆಯಲಿ ಎಂದು ಜೀವ ಒದ್ದಾಡುತ್ತಿತ್ತು. ಹೇಳಿದರೆ ನಗುತ್ತಾರೆಂದು ಸುಮ್ಮನಿದ್ದೆ.

ಸಿಟ್ಟಿನಲ್ಲೇ ಮತ್ತೆ ಬರೆದೆ. ಉದಾಹರಣೆಗೆ, ಹಳೆ ಚೌಕದಲ್ಲಿ ನನ್ನ ತವರಿನ ಹೆಸರು, ಹೊಸ ಚೌಕದಲ್ಲಿ ಗಂಡನ ಮನೆಯ ಹೆಸರು, ಎರಡೂ ಇಂಗ್ಲಿಷ್ ಅಕ್ಷರದಲ್ಲಿ. ಹುಡುಗಿ ಅವಳೇ, ಮೈಮೇಲಿನ ಬಂಗಾರವೂ ಅದೇ. ಸಾಹುಕಾರರಿಗೆ ಥಟ್ಟನೆ ಅರ್ಥವಾಯಿತು. ಮೊದಲೇ ಹೀಗೆ ಬರೆಯಲಿಕ್ಕೆ ನಿನಗೆ ಎಂತ ಧಾಡಿ ಎಂದು ಬೈದರು.

ಮರುದಿನ ನಾನು ಶೃಂಗೇರಿಗೆ ಹೋಗಿದ್ದೆ, ಗಂಡನ ಕಡೆಯವರ ಮನೆಯ ನಾಮಕರಣಕ್ಕೆ. ಇತ್ತ ಸಾಹುಕಾರರು ನಾನು ಬರೆದ ಹಾಳೆಗಳಿಗೆ ಅರಿಶಿನ ಕುಂಕುಮ ಹಚ್ಚಿ, ಕಂಪ್ಯೂಟರಿನ ಮುಂದಿಟ್ಟುಕೊಂಡು, ವ್ರತದ ಪುಸ್ತಕ ನೋಡಿ ಪೂಜೆ ಮಾಡುವವರ ಹಾಗೆ ಒಂದು ಸಾಲೂ ಬಿಡದೆ ಪಾಲಿಸಿದರು. ಉದಾಹರಣೆಯನ್ನೂ ಬಿಡಲಿಲ್ಲ.

ಅಳಿಯನ ಪ್ರೋಗ್ರಾಮಿಗೆ ಸಿಂಬಲ್ ಯಾವುದು, ಮನುಷ್ಯರು ಯಾರು ಎಂಬ ಭೇದವಿರಲಿಲ್ಲ. ಕಂಡಲ್ಲೆಲ್ಲ ಬದಲಾಯಿಸಿತು. ನನ್ನ ಹಳೆ ಹೆಸರಿದ್ದ ಹೆಂಗಸರೆಲ್ಲ ನನ್ನ ಹೊಸ ಹೆಸರಿನವರಾದರು. ಅಸಲು ದಾಖಲೆ ಬೊಂಬಾಯಿಯಲ್ಲಿ ಭದ್ರವಾಗಿತ್ತು. ಕೆಟ್ಟದ್ದು ನಮ್ಮ ಅಂಗಡಿಯ ಲೆಕ್ಕ ಮಾತ್ರ. ಆದರೆ ಗ್ರಾಹಕರಿಗೆ ಅಂಚೆಯಲ್ಲಿ ಹೋಗುವ ಕಾಗದ ಅದರಿಂದಲೇ ಮುದ್ರಣವಾಗುತ್ತಿತ್ತು, ಹೋಗಿಯೂ ಬಿಟ್ಟಿತು. ನರಸಿಂಹರಾಜಪುರದಿಂದ ಮದುವೆಯನ್ನೇ ಆಗದ ಟೀಚರೊಬ್ಬರು ಫೋನ್ ಮಾಡಿ, ತನ್ನನ್ನು ಯಾರ ಮನೆಗೆ ಕೊಟ್ಟಿರಿ ಎಂದು ವಿಚಾರಿಸಿದರು. ಸಾಹುಕಾರರಿಗೆ ಮಾತ್ರ ಅಳುಕೇ ಇಲ್ಲ.

"ಅಲ್ಲ ಮಾರಾಯ್ತಿ, ನೀನು ಬರೆದ ಹಾಗೇ ಮಾಡಿದ್ದಪ್ಪ."

ನಮ್ಮ ಅಂಗಡಿಯಲ್ಲಿ ಅತ್ತೆಗೂ ನನಗೂ ಖಾತೆ ಇತ್ತು. ಮನೆಗೆ ಎರಡು ಲಕೋಟೆ ಬಂದಿದ್ದವು, ಅತ್ತೆಗೊಂದು ನನಗೊಂದು, ಎರಡರ ಮೇಲೂ ಅತ್ತೆ ಆರಿಸಿದ ಆ ಹೆಸರು. ಅತ್ತೆ ಕನ್ನಡಕ ಹಾಕಿ, ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿದರು. ತಮ್ಮ ಹೆಸರು ಎಲ್ಲಿ ಹೋಯಿತು ಎಂದರು. ನಡೆದದ್ದನ್ನೆಲ್ಲ ಹೇಳಿ, ಹೆಸರು ಬೇರೆಯಾದರೂ ಆಸಾಮಿ ನೀವೇ ಎಂದು ನನ್ನ ಹಾಳೆಯಲ್ಲಿದ್ದದ್ದನ್ನೇ ಅವರಿಗೂ ಒಪ್ಪಿಸಿದೆ. ಅವರು ಲಕೋಟೆಯನ್ನು ಮಡಿಲಲ್ಲಿ ಕವುಚಿ ಇಟ್ಟರು.

"ಅದು ನಮ್ಮಪ್ಪ ಇಟ್ಟ ಹೆಸರು ಕಣೇ."

"ನಂಗೂ ಅಪ್ಪನೇ ಇಟ್ಟಿದ್ದು ಅತ್ತೆ," ಎಂದೆ. ಹೇಗೆ ಬಾಯಿಗೆ ಬಂತೋ. ಆ ರಾತ್ರಿ ಅವರು ಮಜ್ಜಿಗೆ ಅನ್ನಕ್ಕೂ ಕೂರದೆ ಎದ್ದುಹೋದರು.

ಅಳಿಯನಿಗೆ ಫೋನ್ ಮಾಡಿದರೆ, ಹಿಂದಕ್ಕೆ ತರುವ ಗುಂಡಿಯೇ ಇಲ್ಲ, ಕಂಪನಿಗಳು ಬಿಟ್ಟ ಹೆಸರಿಗೆ ವಾಪಸು ಬರುವುದಿಲ್ಲವಲ್ಲ ಎಂದರು. ಚೌಕಗಳನ್ನು ಅದಲು ಬದಲು ಮಾಡಿ ಹೊಡೆಯಿರಿ ಎಂದೂ ಹೇಳಿದರು. ಹೊಡೆದೆ. ಎಲ್ಲ ಹೆಂಗಸರೂ ತಮ್ಮ ತಮ್ಮ ಹೆಸರಿಗೆ ಮರಳಿದರು. ಭೇದ ತಿಳಿಯದ ಆ ಯಂತ್ರ, ಮೊದಲಿಂದಲೂ ಹೊಸ ಹೆಸರಲ್ಲೇ ಖಾತೆಯಿದ್ದ ನನ್ನನ್ನೂ ಅವರ ಜೊತೆ ಎಳೆದುಕೊಂಡು ಹೋಯಿತು. ನನ್ನ ಖಾತೆಯ ಮೇಲೆ ಈಗ ತವರಿನ ಹೆಸರು. ನಿಂದೊಂದು ಕೈಯಲ್ಲೇ ತಿದ್ದಿಬಿಡು ಎಂದರು ಸಾಹುಕಾರರು. ಮುಂದಿನ ತಿಂಗಳು ನೋಡುವ ಎಂದೆ. ಹೊಸ ಕಾಗದಗಳು ಹಾಗೇ ಅಂಚೆಗೆ ಹೋದವು.

ಅವು ಮನೆಗೆ ಬಂದ ದಿನ ನಾನು ಒಳಗೆ ಕಾವಲಿಯ ಮೇಲೆ ದೋಸೆ ಹೊಯ್ಯುತ್ತಿದ್ದೆ. ಜಗಲಿಯಲ್ಲಿ ಅತ್ತೆ ಎರಡೂ ಲಕೋಟೆ ಹಿಡಿದು ಬಹಳ ಹೊತ್ತು ಕೂತಿದ್ದರು. ಒಂದು ತಮ್ಮದು. ಇನ್ನೊಂದು ಯಾರದೆಂದು ಅವರಿಗೆ ಗೊತ್ತಾಗಿತ್ತು. ಆಮೇಲೆ ಒಳಗಿನ ಕಡೆ ತಿರುಗಿ, ತಮ್ಮ ಹೆಸರನ್ನೇ, ನನ್ನ ಹೆಸರನ್ನೇ, ಗಂಟಲೆತ್ತಿ ಕೂಗಿದರು.

"ನಿಂದೂ ಬಂದಿದೆ, ತಗಾ."

ದೋಸೆ ಸೀಯಲಿ ಎಂದು ಬಿಟ್ಟು, ಒಂದೇ ಕೂಗಿಗೆ ಹೋದೆ.