ಮಹಾಂತಮ್ಮನ ಹಸಿರು ಬಳೆ

ಮಹಾಂತಮ್ಮ ಸರ್ಕಾರದ ಪರೀಕ್ಷೆ ಪಾಸು ಮಾಡಿ, ಹೆಸರು ನೋಂದಾಯಿಸಿಕೊಂಡಿದ್ದ ಸೂಲಗಿತ್ತಿ. ಭದ್ರಾವತಿಯ ಹಳೇ ಊರಿನಲ್ಲಿ ಆಕೆಯ ಕೈಯಲ್ಲಿ ಹುಟ್ಟದ ಮಗುವನ್ನು ಹುಡುಕಬೇಕಿತ್ತು. ಎಲ್ಲ ನಿಯಮಕ್ಕೂ ತಲೆಬಾಗುತ್ತಿದ್ದ ಈ ಹೆಂಗಸು ಒಂದಕ್ಕೆ ಮಾತ್ರ ಜಗ್ಗುತ್ತಿರಲಿಲ್ಲ. ಹೆರಿಗೆಗೆ ಮುನ್ನ ಬಳೆ ತೆಗೆದು ಮೊಣಕೈವರೆಗೆ ತೊಳೆಯಬೇಕಂತೆ! ಬಳೆಗಾರ ಕೂಡ ಹೊಸ ಬಳೆ ತೊಡಿಸುವಾಗ ಹಳೆಯದೊಂದನ್ನು ಉಳಿಸಿಯೇ ತೊಡಿಸುತ್ತಾನೆ. ಗಂಡ ಇರುವಾಗ ಮುತ್ತೈದೆ ಕೈ ಬರಿದು ಮಾಡುವುದುಂಟೇ? ಆಕೆ ಬಳೆಗಳನ್ನು ಮೇಲಕ್ಕೇರಿಸಿ ಬಟ್ಟೆ ಸುತ್ತಿಕೊಂಡು ಕೆಲಸ ಸಾಗಿಸುತ್ತಿದ್ದಳು.

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ ಆಕೆ ಹೆರಿಗೆ ಮಾಡಿಸಿದ್ದ ಒಬ್ಬ ಬಾಣಂತಿಗೆ ನಂಜೇರಿತು. ಹೇಗೋ ಬದುಕಿದಳು. ಬಳೆಯ ಸಂದಿಯ ಕೊಳೆಯಿಂದಲೇ ಆಯಿತೆಂದು ಯಾರೂ ಹೇಳಲಾರರು, ಅಲ್ಲವೆಂದೂ ಹೇಳಲಾರರು. ಶಿವಮೊಗ್ಗದ ಮೇಲ್ವಿಚಾರಕಿ ಸುವರ್ಣಮ್ಮ ಬಂದು, ಇನ್ನೊಮ್ಮೆ ಹೆರಿಗೆಯ ಕೋಣೆಯಲ್ಲಿ ಬಳೆ ಕಂಡರೆ ನೋಂದಣಿಯಿಂದ ಹೆಸರು ತೆಗೆಸುವುದಾಗಿ ಖಡಾಖಂಡಿತ ಹೇಳಿ ಹೋದರು. ಹೆಸರು ಹೋದರೆ ಕಸುಬೂ ಹೋದಂತೆ.

ಗಂಡ ಏಕಾಂತಪ್ಪನಿಗೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಹೊಟ್ಟೆಯ ಆಪರೇಷನ್ ಇದ್ದ ಬೆಳಿಗ್ಗೆ, ಬಸ್ಸಿಗೆ ಹೊರಟವಳನ್ನು ಲಾರಿ ಮೆಕ್ಯಾನಿಕ್ ಮೆಹಬೂಬ್ ಸಾಬ್ ಅಡ್ಡಗಟ್ಟಿದ. ಸೊಸೆ ವಜೀರಾಗೆ ನೋವು ಜೋರಾಗಿತ್ತು. ಇಲ್ಲವೆನ್ನಲು ಮಹಾಂತಮ್ಮನಿಗೆ ಬಾಯಿ ಬರಲಿಲ್ಲ. ಹೋಗಿ ನೋಡಿದರೆ, ತಪಾಸಣೆಗೆಂದು ಊರಿಗೆ ಬಂದಿದ್ದ ಸುವರ್ಣಮ್ಮ ಸುದ್ದಿ ತಿಳಿದು ಕೋಣೆಯ ಬಾಗಿಲಲ್ಲೇ ಕೂತಿದ್ದರು.

"ಇವತ್ತೊಂದಿನ ಬಿಟ್ಬಿಡಿ ಅಮ್ಮಾ. ನಮ್ಮನೆಯವ್ರು ಆಪರೇಷನ್ ಮೇಜಿನ ಮೇಲೆ ಮಲಗಿದಾರೆ."

ಸುವರ್ಣಮ್ಮ ಒಳಗೆ ನರಳುತ್ತಿದ್ದ ವಜೀರಾಳ ಕಡೆ ನೋಡಿದರು. "ಈ ಹುಡುಗೀನೂ ಮಲಗಿದಾಳೆ, ಮಹಾಂತಮ್ಮ."

ಮಹಾಂತಮ್ಮ ಸೋಪಿನ ನೊರೆ ಹಚ್ಚಿ ಹಸಿರು ಬಳೆಗಳನ್ನು ಒಂದೊಂದಾಗಿ ಜಾರಿಸಿದಳು. ಪ್ರತಿ ಬಳೆಗೂ ಮನಸ್ಸಿನಲ್ಲೇ ಶಿವನಿಗೆ ಕೈಮುಗಿದಳು. ನೆಲಕ್ಕಿಡಲು ಜೀವ ಒಪ್ಪಲಿಲ್ಲ. ಮುತ್ತೈದೆಯ ಕೈಯಲ್ಲೇ ಇರಲೆಂದು ವಜೀರಾಳಿಗೇ ತೊಡಿಸಿ, ಜೋಪಾನ ತಾಯಿ ಎಂದು ಹೇಳಿ, ಮೊಣಕೈವರೆಗೆ ತಿಕ್ಕಿ ತೊಳೆದಳು.

ನೋವಿನಲ್ಲಿರುವವಳಿಗೆ ಎಲ್ಲಿಯ ಜೋಪಾನ! ಮಗುವಿನ ತಲೆ ಕಾಣಿಸಿಕೊಳ್ಳುವ ಹೊತ್ತಿಗೆ ವಜೀರಾ ಮಂಚದ ಪಟ್ಟಿಗೆ ಕೈ ಅಪ್ಪಳಿಸಿದಳು. ಬಳೆ ಒಡೆದ ಸದ್ದಿಗೆ ಮಹಾಂತಮ್ಮನ ಕಣ್ಣಮುಂದೆ ಆಪರೇಷನ್ ಮೇಜು ಬಂತು. ಅಲ್ಲಿ ಏನಾಯಿತೋ, ಮುಗಿದೇ ಹೋಯಿತೋ. ಕಣ್ಣೀರು ಗಲ್ಲಕ್ಕಿಳಿಯಿತು, ಒರೆಸಿಕೊಳ್ಳುವಂತಿರಲಿಲ್ಲ. ತೊಳೆದ ಕೈ. ಆ ಕೈ ನಡುಗದೆ ಮಗುವನ್ನು ಹೊರಗೆ ತಂದಿತು. ಹೆಣ್ಣುಮಗು, ಮನೆಯೆಲ್ಲ ಕೇಳುವಂತೆ ಅತ್ತಿತು.

ತಾಯಿ ಮಗು ಸುಧಾರಿಸಿಕೊಂಡ ಮೇಲೆ ಮಹಾಂತಮ್ಮ ಎದ್ದೆನೋ ಬಿದ್ದೆನೋ ಎಂದು ಬಸ್ಸಿಗೆ ಓಡಿದಳು. ಬಸ್ಸಿನಲ್ಲಿ ಪಕ್ಕದಲ್ಲಿದ್ದ ಹೆಂಗಸು ಆಕೆಯ ಬರಿಗೈಯನ್ನು ಮರುಕದಿಂದ ನೋಡಿದಾಗಲೇ, ಉಳಿದ ಬಳೆಗಳನ್ನು ಅಲ್ಲೇ ಮರೆತು ಬಂದದ್ದು ಗೊತ್ತಾಯಿತು. ಶಿವಮೊಗ್ಗದವರೆಗೂ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಕೂತಳು.

ಆಸ್ಪತ್ರೆಯಲ್ಲಿ ಏಕಾಂತಪ್ಪ ಅಲುಗಾಡದೆ ಮಲಗಿದ್ದ. ಮುಟ್ಟಿ ನೋಡಲು ಧೈರ್ಯ ಸಾಲದೆ ಆಕೆ ಕಾಲ ಬಳಿಯೇ ನಿಂತಳು, ಸೆರಗು ಜಾರಿದ್ದೂ ತಿಳಿಯಲಿಲ್ಲ. ಎಷ್ಟೋ ಹೊತ್ತಿಗೆ ಅವನು ಕಣ್ಣು ಬಿಟ್ಟು, ಹೆಂಡತಿಯ ಬರಿಗೈ ನೋಡಿದ.

"ನಾನಿನ್ನೂ ಇದೀನಲ್ಲೇ, ಮಾರಾಯ್ತಿ."

ಮಹಾಂತಮ್ಮ ಮಂಚದ ಅಂಚು ಹಿಡಿದು ಕುಸಿದು ಕೂತಳು. ಆ ಬರಿಗೈಯಲ್ಲೇ ಬಾಯಿ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು.