ರಿಂಗಿನ ಕೆಳಗಿನ ಜಾಗ

ನಾನು ಉದ್ದ ಇದ್ದೇನೆ. ಹೆಮ್ಮೆಗೆ ಹೇಳುವ ಮಾತಲ್ಲ ಇದು. ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ, ಅಷ್ಟೆ. ಮಂಗಳೂರು ಕಡೆ ಯಾರದೇ ಮದುವೆಗೆ ಹೋದರೂ ಊಟಕ್ಕಿಂತ ಮೊದಲು ನನ್ನ ಕೈಗೆ ಮಾವಿನೆಲೆಯ ತೋರಣ ಬರುತ್ತಿತ್ತು. ಏಣಿ ಯಾಕೆ, ಇವನಿದ್ದಾನಲ್ಲ! ದೋಹಾಕ್ಕೆ ಬಂದ ಮೇಲೂ ಹಣೆಬರಹ ಬದಲಾಗಲಿಲ್ಲ. ನಮ್ಮ ಊರಿನವರ ಸಂಘದ ಯಾವ ಕಾರ್ಯಕ್ರಮವಿದ್ದರೂ ಬ್ಯಾನರ್ ಕಟ್ಟುವುದು ನಾನು, ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿನ ನಡುವೆ ನಿಲ್ಲುವುದೂ ನಾನು. ಸಿಕ್ಕಿದವರೆಲ್ಲ ಕೇಳುವುದು ಒಂದೇ: "ಮೇಲೆ ಗಾಳಿ ಹೇಗುಂಟು ಮಾರಾಯ್ರೆ?" ವರ್ಷಗಟ್ಟಲೆ ಅದೇ ಜೋಕಿಗೆ ಹಲ್ಲು ಕಿರಿದಿದ್ದೇನೆ.

ಹೆಂಡತಿ, ಮಗಳು ಊರಿಗೆ ವಾಪಸಾದ ಮೇಲೆ ಹಲ್ಲು ಕಿರಿಯುವುದೂ ಕಷ್ಟವಾಯಿತು. ಮಗಳ ಓದಿಗೆ ಊರೇ ವಾಸಿ ಎಂದು ನಾವಿಬ್ಬರೂ ಕೂತು ತೀರ್ಮಾನ ಮಾಡಿದ್ದು. ಅವರು ಮಂಗಳೂರಿನ ಒಂದು ಫ್ಲ್ಯಾಟಿಗೆ ಹೋದರು, ನಾನು ದೋಹಾದ ಬಿನ್ ಒಮ್ರಾನ್‌ನ ನಮ್ಮ ಮನೆ ಬಿಟ್ಟು ಅದೇ ರಸ್ತೆಯ ಒಂದು ಸ್ಟುಡಿಯೋಕ್ಕೆ ಬಂದೆ. ಒಂದೇ ಕೋಣೆ. ಮೂಲೆಯಲ್ಲಿ ಒಲೆ, ಎದುರು ಮಂಚ. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಶುಕ್ರವಾರ ಬೆಳಿಗ್ಗೆ ಎದ್ದರೆ ಮಧ್ಯಾಹ್ನದವರೆಗೆ ಒಂದು ಮಾತೂ ಬಾಯಿಂದ ಹೊರಡುತ್ತಿರಲಿಲ್ಲ. ಒಮ್ಮೆ ಗಂಟಲು ಸರಿಯಿದೆಯೋ ಇಲ್ಲವೋ ಎಂದು ಫ್ರಿಡ್ಜಿನ ಎದುರು ನಿಂತು ಕೆಮ್ಮಿ ನೋಡಿದ್ದೇನೆ.

ಮಗಳು ಇಲ್ಲೇ ಹುಟ್ಟಿ ಬೆಳೆದವಳು. ಹೋಗುವ ಹೊತ್ತಿಗಾಗಲೇ ಕ್ಲಾಸಿನಲ್ಲಿ ಎಲ್ಲರಿಗಿಂತ ಉದ್ದವಾಗಿದ್ದಳು, ಭುಜ ಬಗ್ಗಿಸಿ ನಡೆಯುವುದನ್ನೂ ಕಲಿತಿದ್ದಳು. ಆ ನಡಿಗೆ ನನ್ನದೇ. ಆ ಪ್ರಾಯದಲ್ಲಿ ನಾನೂ ಹಾಗೇ ನೆಲ ನೋಡಿಕೊಂಡು ನಡೆಯುತ್ತಿದ್ದೆ. ನೆಟ್ಟಗೆ ನಡಿ ಮಗಾ ಎನ್ನಬೇಕು ಅನ್ನಿಸುತ್ತಿತ್ತು. ಆದರೆ ಅದನ್ನು ಹೇಗೆ ಹೇಳುವುದು? ಫೋನಿನಲ್ಲಿ ನಮ್ಮ ಮಾತುಕತೆ ಹೀಗಿರುತ್ತಿತ್ತು:

"ಊಟ ಆಯ್ತಾ ಮಗಾ?"

"ಹ್ಞೂಂ."

"ಓದಿದ್ಯಾ?"

"ಹ್ಞೂಂ ಪಪ್ಪ."

"ಸರಿ, ಅಮ್ಮನಿಗೆ ಕೊಡು."

ಒಂದು ದಿನ ನಾನು ಬಾಯಿ ತೆರೆಯುವ ಮೊದಲೇ ಅವಳು "ಊಟ ಆಯ್ತು, ಓದಿದೆ, ಅಮ್ಮನಿಗೆ ಕೊಡ್ತೇನೆ" ಎಂದು ಒಂದೇ ಉಸಿರಿಗೆ ಮುಗಿಸಿಬಿಟ್ಟಳು. ಹೀಗೇ ಹೋದರೆ ಈ ಹುಡುಗಿ ನನ್ನ ಕೈ ತಪ್ಪಿ ಹೋಗುತ್ತಾಳೆ ಎಂದು ಭಯವಾಯಿತು. ಆಮೇಲೆ ಆ ಭಯ ಹೋಗಲೇ ಇಲ್ಲ.

ನನ್ನ ಆಫೀಸು ಲುಸೈಲ್‌ನಲ್ಲಿ. ಅಲ್ಲಿನ ಸೇಫ್ಟಿ ಆಫೀಸರ್ ಒಬ್ಬರು ಫಿಲಿಪಿನೋ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಆಫೀಸಿನ ಫಿಲಿಪಿನೋ ಹುಡುಗರೆಲ್ಲ ಅವರನ್ನು ಕೂಯಾ ಎಂದು ಕರೆಯುತ್ತಿದ್ದರು. ಅಂದರೆ ಅಣ್ಣ. ನಾನೂ ಹಾಗೇ ಕರೆದೆ. ಒಂದು ದಿನ ಲಿಫ್ಟಿನಲ್ಲಿ ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಶುಕ್ರವಾರ ಬೆಳಿಗ್ಗೆ ಏನು ಮಾಡುತ್ತಿ?" ಎಂದು ಕೇಳಿದರು. ನಾವು ಮಾತಾಡುತ್ತಿದ್ದದ್ದು ಆಫೀಸಿನ ಮುರುಕು ಇಂಗ್ಲಿಷ್. ಇಲ್ಲಿ ಅದನ್ನು ನನ್ನ ಕನ್ನಡಕ್ಕೆ ಹಾಕಿಕೊಂಡಿದ್ದೇನೆ. ಫ್ರಿಡ್ಜಿನ ಎದುರು ಕೆಮ್ಮುತ್ತೇನೆ ಎನ್ನಲಾಗದೆ "ಏನೂ ಇಲ್ಲ" ಎಂದೆ.

ದೋಹಾದಲ್ಲಿ ಶುಕ್ರವಾರ ನಮ್ಮವರು ಹೊದ್ದು ಮಲಗಿರುವ ಹೊತ್ತಿಗೆ ಫಿಲಿಪಿನೋಗಳು ಬಾಸ್ಕೆಟ್‌ಬಾಲ್ ಆಡುತ್ತಿರುತ್ತಾರೆ. ನಮಗೆ ಕ್ರಿಕೆಟ್ ಹೇಗೋ ಅವರಿಗೆ ಅದು ಹಾಗೆ. ತಮ್ಮ ಊರಲ್ಲಿ ತೆಂಗಿನ ಮರಕ್ಕೂ ರಿಂಗು ಹೊಡೆದು ಚಪ್ಪಲಿ ಕಾಲಲ್ಲೇ ಆಡುವ ಜನ. ಇಲ್ಲಿ ಅವರದೇ ತಂಡಗಳು, ಅವರದೇ ಲೀಗು. ಒಂದೊಂದು ತಂಡಕ್ಕೆ ಒಬ್ಬ ಹೊರದೇಶದವನನ್ನು ಸೇರಿಸಿಕೊಳ್ಳಬಹುದು; ಅವನನ್ನು ಇಂಪೋರ್ಟ್ ಎನ್ನುತ್ತಾರೆ. ಹೀಗೆ ಸುರತ್ಕಲ್ಲಿನ ನಾನು ಆಮದು ಸರಕಾದೆ. ಲೀಗಿನ ಮೊದಲ ದಿನ ಪ್ರತಿ ತಂಡವೂ ಗೌನು ತೊಟ್ಟು ಹೆಗಲಿಗೆ ಹೆಸರಿನ ಪಟ್ಟಿ ಧರಿಸಿದ ಒಬ್ಬ ಚೆಲುವೆಯ ಹಿಂದೆ ಮೆರವಣಿಗೆ ಹೋಗುವುದು ಅವರ ಪದ್ಧತಿ. ಚೆಲುವೆಯ ಹಿಂದೆ ತಂಡದ ಬ್ಯಾನರ್ ಬೇಕಲ್ಲ? ಅದನ್ನು ಎತ್ತಿ ಹಿಡಿಯಲು ಯಾರನ್ನು ಆರಿಸಿದರು ಎಂದು ಬೇರೆ ಹೇಳಬೇಕಾಗಿಲ್ಲ.

ಜರ್ಸಿಯ ಬೆನ್ನಿಗೆ ಅಡ್ಡಹೆಸರು ಅಚ್ಚು ಹಾಕಿಸುತ್ತಾರೆ. ನನ್ನದರ ಮೇಲೆ 'ಪೋಸ್ಟೆ' ಎಂದಿತ್ತು. ಲೈಟುಕಂಬ ಅಂತ ಅರ್ಥ. ಏಳು ಸಮುದ್ರ ದಾಟಿದರೂ ಮನುಷ್ಯರ ತಲೆ ಒಂದೇ ರೀತಿ ಓಡುತ್ತದೆ.

ಹುಡುಗರಿಗೆ ನನ್ನಿಂದ ಬೇಕಾಗಿದ್ದದ್ದೂ ಕಂಬವೇ. "ರಿಂಗಿನ ಕೆಳಗೆ ನಿಲ್ಲು, ಕೈ ಮೇಲೆತ್ತು, ಬಾಲ್ ಬಂದರೆ ನಮಗೆ ಕೊಡು." ಆದರೆ ಅದರಲ್ಲೂ ನಾನು ಎಡವಟ್ಟು ಮಾಡಿದೆ. ನಮ್ಮ ಕರಾವಳಿಯ ಉದ್ದದ ಹುಡುಗರೆಲ್ಲ ವಾಲಿಬಾಲ್‌ಗೆ ಹೋದವರು. ನಾನೂ ಕಾಲೇಜಿನವರೆಗೆ ನೆಟ್ಟಿನ ಹತ್ತಿರ ಹಾರಿ ಹೊಡೆದವನು. ಆ ಆಟದಲ್ಲಿ ಬಾಲ್ ಹಿಡಿದರೆ ತಪ್ಪು. ಕೈಗೆ ತಾಗಿದ ಕೂಡಲೇ ಅದು ಇನ್ನೊಬ್ಬರ ಪಾಲಾಗಬೇಕು. ಅಭ್ಯಾಸ ಬಿಡಲಿಲ್ಲ. ಯಾರು ಪಾಸ್ ಕೊಟ್ಟರೂ ನಾನು ಬೆರಳ ತುದಿಯಲ್ಲಿ ಮೇಲಕ್ಕೆ ಚಿಮ್ಮಿಸಿಬಿಡುತ್ತಿದ್ದೆ. ಒಮ್ಮೆ ಎರಡೂ ಕೈ ಸೇರಿಸಿ ಎಂಥಾ ಹೊಡೆತ ಹೊಡೆದೆ ಎಂದರೆ ಬಾಲ್ ಅಂಕಣದಾಚೆ ಆಟ ನೋಡುತ್ತಾ ಕೂತಿದ್ದ ಚೆಲುವೆಯ ಕುರ್ಚಿಯವರೆಗೆ ಹೋಯಿತು. ಹುಡುಗರು ನೆಲದ ಮೇಲೆ ಕೂತು ನಕ್ಕರು.

ಕೂಯಾ ನಗಲಿಲ್ಲ. ತಂಡದ ಕೋಚ್ ಅವರೇ. ಮಾರನೇ ದಿನ ಶನಿವಾರ ಆಫೀಸಿನ ಬೇಸ್‌ಮೆಂಟ್ ಪಾರ್ಕಿಂಗಿಗೆ ಬಾ ಎಂದರು. ರಜೆಯಲ್ಲಿ ಅಲ್ಲಿ ಒಂದು ಕಾರೂ ಇರುವುದಿಲ್ಲ. ಸಾಲು ಸಾಲು ಕಾಂಕ್ರೀಟ್ ಕಂಬಗಳು ಮಾತ್ರ. ಅವರು ಬಾಲನ್ನು ನನ್ನ ಎದೆಗೆ ಎಸೆದರು.

"ಹಿಡಿ. ಎರಡೂ ಕೈಯಲ್ಲಿ. ಎದೆಗೆ ತಾ. ಈಗ ಸುತ್ತ ನೋಡು. ಆಮೇಲೆ ಕೊಡು."

"ಯಾರಿಗೆ ಕೊಡುವುದು? ಇಲ್ಲಿ ಯಾರೂ ಇಲ್ಲವಲ್ಲ."

"ಅದಕ್ಕೇ ಹೇಳಿದ್ದು, ಮೊದಲು ನೋಡು ಅಂತ."

ಆಮೇಲೆ ಬಾಲ್ ನೆಲಕ್ಕೆ ತಟ್ಟುತ್ತಾ ಕಂಬಗಳ ನಡುವೆ ನಡೆಸಿದರು. ಬಲಗೈ, ಎಡಗೈ, ತಲೆ ಮಾತ್ರ ಎತ್ತಿಯೇ ಇರಬೇಕು. ನಾನು ಬೆವತು, ಉಸಿರು ಕಟ್ಟಿ, ಕೊನೆಗೆ ಸಿಟ್ಟು ಬಂದು ಕೇಳಿದೆ, "ಕೂಯಾ, ನಿಮ್ಮ ಹುಡುಗರಿಗೆ ನಾನು ನಿಂತರೆ ಸಾಕು. ನನ್ನನ್ನು ಯಾಕೆ ಓಡಿಸುತ್ತೀರಿ?"

ಅವರು ಒಂದು ಕಂಬಕ್ಕೆ ಒರಗಿ ಕೂತರು. "ಚಿಕ್ಕವನಿದ್ದಾಗ ನಮ್ಮ ದ್ವೀಪದಲ್ಲಿ ನಾನೇ ಎಲ್ಲರಿಗಿಂತ ಎತ್ತರ. ನಮ್ಮಲ್ಲಿ ಎತ್ತರದ ಹುಡುಗ ಸಿಕ್ಕಿದರೆ ಚಿನ್ನ ಸಿಕ್ಕಿದ ಹಾಗೆ. ರಿಂಗಿನ ಕೆಳಗೆ ನೆಟ್ಟುಬಿಟ್ಟರು. ಬಾಲ್ ತಟ್ಟಬೇಡ, ದೂರದಿಂದ ಹಾಕಬೇಡ, ಅದು ಕುಳ್ಳರ ಕೆಲಸ. ನನ್ನಿಂದ ಎಷ್ಟೋ ಆಟ ಗೆದ್ದರು. ಆಮೇಲೆ ನಾನು ಬೆಳೆಯುವುದು ನಿಂತಿತು, ಉಳಿದವರು ಬೆಳೆದರು. ಪಟ್ಟಣದ ಕಾಲೇಜಿಗೆ ಹೋದರೆ ಅಲ್ಲಿನ ಕೋಚ್ ಹೇಳಿದ: ಕೆಳಗೆ ನಿಲ್ಲಲು ನೀನು ಕುಳ್ಳ, ರಿಂಗಿನಿಂದ ದೂರ ಆಡಲು ನಿನಗೆ ಏನೂ ಬರುವುದಿಲ್ಲ. ಖಲಾಸ್." ನನ್ನ ಕೈಯಿಂದ ಬಾಲ್ ತೆಗೆದುಕೊಂಡು ಅಂದರು, "ಈಗ ಊರಲ್ಲಿ ಕೆಲವರಿಗೆ ಬುದ್ಧಿ ಬಂದಿದೆ. ಎತ್ತರದ ಮಕ್ಕಳಿಗೂ ಎಲ್ಲವನ್ನೂ ಕಲಿಸುತ್ತಿದ್ದಾರೆ. ನನ್ನ ಕಾಲ ಮುಗಿಯಿತು. ಒಬ್ಬ ಉದ್ದದವನು ಬಾಲ್ ತಟ್ಟಿಕೊಂಡು ಈ ತುದಿಯಿಂದ ಆ ತುದಿಗೆ ಹೋಗುವುದನ್ನು ನನ್ನ ಕೈಯಾರೆ ಕಲಿಸಿ ನೋಡಬೇಕು. ಅಷ್ಟೇ ಆಸೆ."

ನಾಲ್ಕು ಮಕ್ಕಳಿಗೆ ಕಲಿಸಬೇಕಾದ್ದನ್ನು ಆ ಪುಣ್ಯಾತ್ಮ ನಲವತ್ತು ದಾಟಿದ, ಮೊಣಕಾಲು ನೋಯುವ ನನಗೆ ಕಲಿಸಲು ಹೊರಟಿದ್ದರು. ಆದರೆ ನನ್ನ ಕೈಗಳಿಗೆ ಏನಾದರೂ ಬರಬಹುದು ಎಂದು ಯೋಚಿಸಿದ ಮೊದಲ ಮನುಷ್ಯ ಅವರು. ಚಳಿಗಾಲ ಪೂರ್ತಿ ಶನಿವಾರಗಳು ಆ ಪಾರ್ಕಿಂಗಿನಲ್ಲಿ ಕಳೆದವು. ಸ್ಟುಡಿಯೋದಲ್ಲಿ ಅಭ್ಯಾಸ ಮಾಡಲು ಹೋಗಿ ಕೆಳಗಿನ ಮನೆಯ ಮಲಯಾಳಿಯಿಂದ ಬೈಸಿಕೊಂಡೆ. ಕಟ್ಟಡದ ಹಿಂದಿನ ಖಾಲಿ ಜಾಗಕ್ಕೆ ಹೋದರೆ ಅಲ್ಲಿ ಬರೀ ಮರಳು, ಬಾಲ್ ಪುಟಿಯುವುದೇ ಇಲ್ಲ. ಆದರೂ ಬಾಲನ್ನು ಮಡಿಲಲ್ಲಿ ಇಟ್ಟುಕೊಂಡೇ ಊಟ ಮಾಡುತ್ತಿದ್ದೆ. ಕೋಣೆಯಲ್ಲಿ ಇನ್ನೊಂದು ಏನೋ ಇದೆ ಅನ್ನಿಸುತ್ತಿತ್ತು.

ಮಗಳಿಗೆ ಇದನ್ನೆಲ್ಲ ಹೇಳಬೇಕೆಂದು ಎಷ್ಟೋ ಸಲ ಫೋನ್ ಹಚ್ಚಿದೆ. ಅವಳ "ಹ್ಞೂಂ" ಕೇಳಿದ ಕೂಡಲೇ ನನ್ನ ಬಾಯಿಂದ ಬರುತ್ತಿದ್ದದ್ದು "ಅಮ್ಮನಿಗೆ ಕೊಡು" ಎಂಬುದೇ.

ಲೀಗಿನ ಕೊನೆಕೊನೆಗೆ ಕೂಯಾ ಅವರ ಪ್ರಾಜೆಕ್ಟ್ ಮುಗಿಯಿತು. ಊರಿಗೆ ಹೊರಡುವ ಟಿಕೆಟ್ ಬಂದಿತು. ಅವರ ಕೊನೆಯ ಶುಕ್ರವಾರ ನಮ್ಮದು ಸೆಮಿಫೈನಲ್. ಜುಮಾ ನಮಾಜಿಗೆ ಮೊದಲು ಹಾಲ್ ಬಿಡಬೇಕು, ಹಾಗಾಗಿ ಆಟ ಬೇಗ ಶುರುವಾಯಿತು. ಕೊನೆಯ ನಿಮಿಷದಲ್ಲಿ ನಾವು ಒಂದೇ ಪಾಯಿಂಟು ಹಿಂದೆ. ಎದುರಾಳಿ ಹಾಕಿದ ಬಾಲ್ ರಿಂಗಿಗೆ ಬಡಿದು ನನ್ನ ಕಡೆ ಬಂತು. ಹಿಡಿದೆ. ಎರಡೂ ಕೈಯಲ್ಲಿ. ನಮ್ಮ ಪುಟ್ಟ ಆಟಗಾರ ಓಡಿ ಬಂದು "ಪೋಸ್ಟೆ, ಕೊಡು, ಕೊಡು" ಎಂದು ಕೈ ಚಾಚಿದ. ಅವನ ಹಿಂದೆ ಇಬ್ಬರು ಅಂಟಿಕೊಂಡಿದ್ದರು. ನಾನು ಕೂಯಾ ಕಡೆ ನೋಡಿದೆ. ಅವರು ಕೈಕಟ್ಟಿ ಕೂತಿದ್ದರು.

ಬಾಲ್ ತಟ್ಟಿಕೊಂಡು ಹೊರಟೆ. ಕಂಬವೊಂದು ಎದ್ದು ನಡೆದರೆ ಜನ ಹೇಗೆ ನೋಡುತ್ತಾರೋ ಹಾಗೆ ನೋಡುತ್ತಾ ಎದುರಾಳಿಗಳು ಎರಡು ಹೆಜ್ಜೆ ಹಿಂದೆ ಸರಿದರು. ನಡುಗೆರೆ ದಾಟಿದೆ. ಆಗ ಅವರಿಗೆ ಎಚ್ಚರವಾಗಿ ಮೂವರು ಒಟ್ಟಿಗೆ ನನ್ನ ಮೇಲೆ ಬಂದರು. ತಲೆ ಎತ್ತಿಯೇ ಇದ್ದೆ, ಎಡ ಮೂಲೆಯಲ್ಲಿ ನಮ್ಮವನೊಬ್ಬ ಒಬ್ಬನೇ ನಿಂತಿದ್ದು ಕಂಡಿತು. ಕೊಟ್ಟೆ. ಅವನು ಹಾಕಿದ. ಬಾಲ್ ರಿಂಗನ್ನು ಒಂದು ಸುತ್ತು ಬಂದು ಹೊರಗೆ ಬಿತ್ತು.

ಸೋತೆವು. ಹುಡುಗರು ಮುಖ ಗಂಟು ಹಾಕಿಕೊಂಡು ಶೂ ಬಿಚ್ಚಿದರು; ಮೊದಲೇ ಕೊಡದೆ ಓಡಿದ್ದಕ್ಕೆ ಒಬ್ಬ ತನ್ನ ಭಾಷೆಯಲ್ಲಿ ಏನೋ ಬೈದ. ಕೂಯಾ ಬಂದು ನನ್ನ ಪಕ್ಕ ಕೂತರು. ಅವರ ಕಣ್ಣು ಒದ್ದೆಯಾಗಿತ್ತು, ಆದರೆ ನಗುತ್ತಿದ್ದರು. "ಬಾಲ್ ಬೀಳುವುದು, ಬೀಳದಿರುವುದು ನಮ್ಮ ಕೈಯಲ್ಲಿಲ್ಲ. ಮೂಲೆಯಲ್ಲಿ ಒಬ್ಬ ಒಂಟಿಯಾಗಿದ್ದಾನೆ ಅಂತ ನಿನಗೆ ಕಾಣಿಸಿತಲ್ಲ," ಎಂದರು. ತಾವು ಅಭ್ಯಾಸಕ್ಕೆ ತರುತ್ತಿದ್ದ ಬಾಲನ್ನು ನನ್ನ ಚೀಲಕ್ಕೆ ಹಾಕಿ ಹೋದರು.

ಮುಂದಿನ ಸೀಸನ್ನಿಗೆ ತಂಡದವರಿಗೆ ನನಗಿಂತ ಉದ್ದದ, ನನಗಿಂತ ಚಿಕ್ಕ ಪ್ರಾಯದ ಇಂಪೋರ್ಟ್ ಸಿಕ್ಕಿದ. ಮರ್ಯಾದೆಯಿಂದಲೇ ಹೇಳಿದರು. ಬೇಸರಪಡಲು ನನಗೆ ಹಕ್ಕಿಲ್ಲ, ಆದರೂ ಬೇಸರವಾಯಿತು. ಶುಕ್ರವಾರಗಳು ಮತ್ತೆ ಮೊದಲಿನ ಹಾಗಾದವು. ಫ್ರಿಡ್ಜು, ಮಂಚ, ಕಿಟಕಿ. ಕೆಲವು ಸಂಜೆ ಸುಮ್ಮನೆ ಮೆಟ್ರೋ ಹತ್ತಿ ಮುಶೈರಿಬ್‌ನಲ್ಲಿ ಇಳಿದು, ಜನರ ನಡುವೆ ಒಂದು ಸುತ್ತು ಹಾಕಿ ವಾಪಸಾಗುತ್ತಿದ್ದೆ. ಯಾರಾದರೂ ತಾಗಿದರೆ "ಸಾರಿ" ಎನ್ನುತ್ತಾರೆ, ಅದೂ ಒಂದು ಮಾತು.

ಒಂದು ಶನಿವಾರ ಮಧ್ಯಾಹ್ನ ಹೆಂಡತಿ ಫೋನ್ ಮಾಡಿದಳು. ದನಿಯಲ್ಲಿ ಸಿಟ್ಟಿತ್ತು.

"ಇವಳು ಸೋಮವಾರದಿಂದ ಶಾಲೆಗೇ ಹೋಗುದಿಲ್ಲ ಅಂತ ಕೂತಿದ್ದಾಳೆ. ಪಿಟಿ ಸರ್ ಬಾಸ್ಕೆಟ್‌ಬಾಲ್ ಟೀಮಿಗೆ ಹಾಕಿದ್ದಾರಂತೆ. ಎಂತ ಕೇಳಿದ್ರೂ ಬಾಯಿ ಬಿಡುದಿಲ್ಲ. ನೀವೇ ಕೇಳಿ ಮಾರಾಯ್ರೆ, ನನಗೆ ಸಾಕಾಯ್ತು."

ಪರದೆಯ ಮೇಲೆ ಮಗಳ ಮುಖ ಬಂತು. ಬಗ್ಗಿದ ಭುಜ, ಕೆಂಪಾದ ಮೂಗು.

"ಎಂತಾಯ್ತು ಮಗಾ?"

"ನಥಿಂಗ್."

'ಅಮ್ಮನಿಗೆ ಕೊಡು' ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಅವಳನ್ನೇ ನೋಡಿದೆ. ಅವಳು ಅತ್ತ ನೋಡಿದಳು, ಇತ್ತ ನೋಡಿದಳು. ನಾನು ಕಾದೆ.

"ಪಪ್ಪ, ಸರ್ ನನ್ನನ್ನು ರಿಂಗ್ ಕೆಳಗೆ ನಿಲ್ಲಿಸ್ತಾರೆ. ಜಸ್ಟ್ ಸ್ಟ್ಯಾಂಡ್, ಕೈ ಮೇಲೆ ಮಾಡು, ಅಷ್ಟೇ. ಬಾಲ್ ತಟ್ಲಿಕ್ಕೆ ಬಿಡುದೇ ಇಲ್ಲ. ಎಲ್ರೂ ಕಂಬ ಕಂಬ ಅಂತ ನಗಾಡ್ತಾರೆ."

ಎದ್ದು ಹೋಗಿ ಮಂಚದ ಕೆಳಗಿನಿಂದ ಬಾಲ್ ತೆಗೆದೆ, ಫೋನನ್ನು ಒಲೆಯ ಪಕ್ಕಕ್ಕೆ ಒರಗಿಸಿದೆ, ಬಾಲನ್ನು ಬಲಗೈಯಲ್ಲಿ, ಎಡಗೈಯಲ್ಲಿ, ಕಾಲುಗಳ ನಡುವೆ ತಟ್ಟಿ ತೋರಿಸಿದೆ. ಕೆಳಗಿನ ಮಲಯಾಳಿ ಬೇಕಾದರೆ ಪೊಲೀಸರನ್ನೇ ಕರೆಯಲಿ.

"ಪಪ್ಪ! ನಿಮಗೆ ಬರ್ತದಾ?" ಮಗಳು ಬಾಯಿ ಬಿಟ್ಟು ನೋಡಿದಳು. "ಯಾರು ಕಲಿಸಿದ್ದು?"

ಅವತ್ತು ಕೂಯಾ ಅವರ ಕತೆಯನ್ನು ಪೂರ್ತಿ ಹೇಳಿದೆ. ಬಾಲ್ ಚೆಲುವೆಯ ಕುರ್ಚಿಗೆ ಹೋದ ಪ್ರಸಂಗ ಬಂದಾಗ ಅವಳು ನಕ್ಕಳು. ಫೋನ್ ಬಿಸಿಯಾಗಿ ಆರಿಹೋಗುವವರೆಗೆ ಅಮ್ಮನಿಗೆ ಕೊಡಲಿಲ್ಲ.

ಮುಂದಿನ ಶನಿವಾರಕ್ಕೆ ಅವಳ ಹತ್ತಿರವೂ ಬಾಲ್ ಇತ್ತು. ಅವರ ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗಿನಲ್ಲಿ, ಯಾರದೋ ಸ್ಕೂಟರಿನ ಸೀಟಿನ ಮೇಲೆ ಫೋನ್ ನಿಲ್ಲಿಸಿ ಅವಳು ನನ್ನೆದುರು ನಿಂತಳು. ಶುರುವಿನಲ್ಲಿ ಬಾಲ್ ಕೈತಪ್ಪಿ ಓಡುತ್ತಿತ್ತು. ವಾರ ವಾರ ಕಳೆದ ಹಾಗೆ ಕೈಗೆ ಬಂತು. ಅವಳು ಚೌಕಟ್ಟಿನೊಳಗೇ, ನನಗೆ ಕಾಣುವ ಹಾಗೆ, ಒಂದೇ ಜಾಗದಲ್ಲಿ ತಟ್ಟುತ್ತಿದ್ದಳು. ನನಗೂ ಅದೇ ಬೇಕಿತ್ತು. ವಾರದಲ್ಲಿ ಅಷ್ಟು ಹೊತ್ತಾದರೂ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಬಹುದಲ್ಲ.

ಹೋದ ಶನಿವಾರ ಅವಳು ತಟ್ಟುವುದನ್ನು ನಿಲ್ಲಿಸಿ ಕೇಳಿದಳು, "ಪಪ್ಪ, ಆ ಕಡೆವರೆಗೆ ಹೋಗ್ಲಾ? ಆದ್ರೆ ನಿಮಗೆ ಕಾಣುದಿಲ್ಲ."

ಬೇಡ ಎನ್ನಬೇಕು ಅನ್ನಿಸಿತು. ನಿಜವಾಗಿಯೂ ಅನ್ನಿಸಿತು.

"ಹೋಗು," ಎಂದೆ. "ತಲೆ ಎತ್ತಿಯೇ ಇರ್ಲಿ."

ಹೋದಳು. ಪರದೆಯಲ್ಲಿ ಉಳಿದದ್ದು ಪಾರ್ಕಿಂಗಿನ ಒಂದು ಕಂಬ, ಅದರ ಮೇಲೆ ಯಾವುದೋ ಫ್ಲ್ಯಾಟಿನ ನಂಬರು. ಬಾಲಿನ ಸದ್ದು ಮಾತ್ರ ಕೇಳುತ್ತಿತ್ತು, ದೂರ ದೂರ, ಒಂದು ಸಲವೂ ತಪ್ಪದೆ. ನಾನು ಬಿನ್ ಒಮ್ರಾನ್‌ನ ಕೋಣೆಯಲ್ಲಿ ಆ ಕಂಬವನ್ನು ನೋಡುತ್ತಾ ಕೂತೆ, ಅವಳನ್ನು ವಾಪಸು ಕರೆಯಲಿಲ್ಲ.