ಪೂಜೆಗೆ ಮೊದಲಿನ ಲೋಟ

ಸುರಪುರದ ನಮ್ಮ ಮನೆಯಲ್ಲಿ ಬೆಳಗಿನ ಹೊತ್ತು ಅತ್ತೆಯ ಪೂಜೆ ಮುಗಿದು, ದೇವರಿಗೆ ಎಡೆ ತೋರಿಸುವ ತನಕ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಚಹಾಕ್ಕೆ ಮಾತ್ರ ಮಾಫಿ. ಈ ಮಾಫಿ ಯಾರು ಕೊಟ್ಟರು, ಯಾವ ಕಾಲಕ್ಕೆ ಕೊಟ್ಟರು ಎಂದು ಅತ್ತೆಗೂ ಗೊತ್ತಿಲ್ಲ. ಎದ್ದ ಕೂಡಲೇ ಮುಖ ತೊಳೆದು, ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಂಡು ಸೊರ್ ಎಂದು ಕುಡಿಯುತ್ತಾರೆ. ಆಮೇಲೆ ಸ್ನಾನ, ಹಣೆ ತುಂಬ ವಿಭೂತಿ. ಮಣೆಯ ಮೇಲೆ ಕೂತು, ಕೊರಳಲ್ಲಿ ಕಟ್ಟಿದ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡರೋ ಮುಗಿಯಿತು. ಮಾತಿಲ್ಲ, ಏಳುವುದಂತೂ ಇಲ್ಲವೇ ಇಲ್ಲ. ಒಮ್ಮೆ ನಾನು ಬಚ್ಚಲಲ್ಲಿದ್ದಾಗ ಒಲೆಯ ಮೇಲಿನ ಹಾಲು ಉಕ್ಕಿ, ಕಟ್ಟೆಯಿಂದ ಇಳಿದು ನೆಲದ ಮೇಲೆ ಹರಿಯಿತು. ಅವರು ಅದನ್ನು ನೋಡುತ್ತಲೇ ಕೂತಿದ್ದರು. ಪೂಜೆ ಮುಗಿದ ಮೇಲೆ ತಣ್ಣಗೆ, "ಹಾಲು ಉಕ್ಕ್ಯಾದ ನೋಡವಾ," ಎಂದರು.

ನನಗೋ ಅಷ್ಟು ಹೊತ್ತು ಎಲ್ಲಿದೆ? ನಾನು ಭೀಮರಾಯನಗುಡಿಯ ಒಂದು ಕಚೇರಿಯಲ್ಲಿ ಗುಮಾಸ್ತೆ. ನನ್ನ ಬಸ್ಸು ಹೊರಡುವುದು ಅವರ ಪೂಜೆ ಅರ್ಧಕ್ಕೆ ಬಂದಾಗ. ಮದುವೆಯಾದಾಗಿನಿಂದ ಬರೀ ಚಹಾ ಕುಡಿದು ಓಡಿ, ಡಬ್ಬಿಯ ರೊಟ್ಟಿಯನ್ನು ಕಚೇರಿಯಲ್ಲಿ ಬಿಚ್ಚುವುದು ರೂಢಿ. ಮೊದಲ ಸಲ ಬಸಿರಾದಾಗಲೂ ಹಾಗೆಯೇ ಓಡಿದೆ. ಐದನೇ ತಿಂಗಳಲ್ಲಿ ಕುಬುಸ ಮಾಡಿ ಉಡಿ ತುಂಬಬೇಕೆಂದು ಅತ್ತೆ ಹಸಿರು ಸೀರೆ ತಂದಿಟ್ಟಿದ್ದರು. ಕುಬುಸಕ್ಕೆ ಇನ್ನೂ ದಿನ ಇರುವಾಗಲೇ ಆ ಕೂಸು ಹೋಯಿತು. ಯಾದಗಿರಿಯ ಡಾಕ್ಟರಮ್ಮ, "ನೀವು ಉಪಾಸ ಇದ್ದಿದ್ದಕ್ಕ ಹಿಂಗ ಆಗಿಲ್ರಿ, ಅದನ್ನ ತಲೀಗಿ ಹಚ್ಕೋಬ್ಯಾಡ್ರಿ," ಎಂದು ಎಷ್ಟು ಸಲ ಹೇಳಿದರು. ನಾನು ಹೂಂ ಎಂದು ತಲೆಯಾಡಿಸಿ, ಅದನ್ನೇ ತಲೆಗೆ ಹಚ್ಚಿಕೊಂಡೆ. ಹಸಿರು ಸೀರೆ ಪೆಟ್ಟಿಗೆ ಸೇರಿತು. ಆ ಮೇಲೆ ನಾನೂ ಅತ್ತೆಯೂ ಎಲ್ಲ ಮಾತಾಡಿದೆವು. ಮಳೆ, ಕೊತ್ತಂಬರಿಯ ರೇಟು, ನೀರು ಬಿಡುವವನ ದಿಮಾಕು, ಎಲ್ಲ. ಅದೊಂದು ಮಾತ್ರ ಆಡಲಿಲ್ಲ.

ಎರಡನೇ ಸಲ ಬಸಿರಾದಾಗ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಸ್ಸಿನ ಸೀಟು ಬದಲಿಸುತ್ತಿದ್ದೆ, ಕಚೇರಿಯಲ್ಲಿ ಸುಮ್ಮಸುಮ್ಮನೆ ಎದ್ದು ನೀರಿನ ಫಿಲ್ಟರ್ ತನಕ ಹೋಗಿ ನೀರು ಕುಡಿಯದೆ ಬರುತ್ತಿದ್ದೆ. ರಸ್ತೆಯ ಒಂದೊಂದು ಗುಂಡಿಗೂ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. ಡಾಕ್ಟರಮ್ಮ ಕಣ್ಣಿನ ಕೆಳಗೆ ಬೆರಳಿಟ್ಟು ನೋಡಿ, ರಕ್ತ ಕಡಿಮೆ ಇದೆ, ತೂಕ ಏರಿಲ್ಲ ಎಂದರು. "ಮನಿ ಬಿಡೂಕಿಂತ ಮೊದಲ ಹೊಟ್ಟಿಗಿ ಏನರ ಗಟ್ಟಿ ಬೀಳಬೇಕ್ರಿ. ನಸುಕಿನಾಗ ರೊಟ್ಟಿ ಸೇರಲಿಲ್ಲಂದ್ರ ಓಟ್ಸ್, ಹಾಲು, ಬಾಳೆಹಣ್ಣು ಮಿಕ್ಸಿಗಿ ಹಾಕ್ಕೊಂಡು ಕುಡೀರಿ." ಅತ್ತೆ ಪಕ್ಕದ ಬೆಂಚಿನ ಮೇಲೆ ಕೂತು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಕೇಳಿಸಿತೋ ಇಲ್ಲವೋ, ಮುಖ ನೋಡಿದರೆ ತಿಳಿಯಲಿಲ್ಲ.

ಬಾಯಿ ಬಿಟ್ಟು ಕೇಳಬಹುದಿತ್ತು. ಅತ್ತಿ, ಪೂಜೆಗೆ ಮೊದಲು ನಾನು ತಿನ್ನಲಾ ಎಂದು. ಆದರೆ ಕೇಳಬೇಕೆಂದರೆ ಹೋದ ಕೂಸಿನ ಮಾತು ಬರುತ್ತದೆ, ಅದು ಬಂದರೆ ನಾನು ಕೂಗಾಡುತ್ತೇನೆ. ನನ್ನ ಸಿಟ್ಟು ನನಗೆ ಗೊತ್ತು. ಹಾಗಾಗಿ ಬಸ್ಸಿನಲ್ಲೇ ಒಂದು ಉಪಾಯ ಮಾಡಿದೆ. ಲೋಟದಲ್ಲಿ ಇದ್ದರೆ, ಕುಡಿಯುವಂತಿದ್ದರೆ, ಅದೂ ಒಂದು ಥರದ ಚಹಾ. ಚಹಾಕ್ಕೆ ಹೇಗೂ ಮಾಫಿ ಇದೆ.

ನನ್ನ ಗಂಡನಿಗೆ ಕಡೇಚೂರಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಸೈದಾಪುರದಲ್ಲಿ ರೂಮು ಮಾಡಿಕೊಂಡಿದ್ದಾರೆ, ವಾರಕ್ಕೊಮ್ಮೆ ಬರುತ್ತಾರೆ. ಓಟ್ಸ್ ತನ್ನಿ ಎಂದು ಫೋನಿನಲ್ಲಿ ಹೇಳಿದೆ, ತಂದರು. ನಸುಕಿನಲ್ಲಿ ಉತ್ಸಾಹದಿಂದ ಬಾಳೆಹಣ್ಣು, ಹಾಲು ಹಾಕಿ ತಿರುಗಿಸಿದರೆ ಮಿಕ್ಸಿಯಿಂದ ಹಳದಿ ಬಣ್ಣದ ಏನೋ ಬಂತು. ಗರಂ ಮಸಾಲೆಯ ವಾಸನೆ! ಪೊಟ್ಟಣ ತಿರುಗಿಸಿ ನೋಡಿದರೆ ಮಸಾಲಾ ಓಟ್ಸ್. ಒಣಗಿದ ಬಟಾಣಿಯ ಚೂರು, ಖಾರದ ಪುಡಿ, ಎಲ್ಲ ಬಾಳೆಹಣ್ಣಿನ ಜೊತೆ ಸುಖವಾಗಿ ನುಣ್ಣಗಾಗಿತ್ತು. ಫೋನು ಹಚ್ಚಿ ಬೈದೆ.

"ಓಟ್ಸ್ ಅಂದ್ರ ಓಟ್ಸಪಾ. ಅದ್ರಾಗ ಜಾತಿ ಎಲ್ಲಿಂದ ಬಂದ್ವು?" ಎಂದರು ಅವರು, ನಿದ್ದೆಗಣ್ಣಿನಲ್ಲಿ.

"ನೀವಾ ಬಂದು ಕುಡೀರಿ, ಆಗ ತಿಳೀತದ ಜಾತಿ," ಎಂದು ಫೋನು ಇಟ್ಟೆ. ಅದನ್ನು ಹಿತ್ತಲ ಬಾಗಿಲಲ್ಲಿ ಆಕಳಿಗೆ ಇಟ್ಟರೆ ಅದೂ ಮೂಸಿ ನೋಡಿ ಮುಖ ತಿರುಗಿಸಿತು.

ಶಹಾಪುರದ ಅಂಗಡಿಯಿಂದ ನಾನೇ ಸಾದಾ ಓಟ್ಸ್ ತಂದೆ. ಆ ಸಲ ಬಿಸಿ ಹಾಲು ಹಾಕಿ ಕೆಟ್ಟೆ. ಅದು ಗೋಡೆಗೆ ಪೋಸ್ಟರ್ ಹಚ್ಚುವ ಅಂಟಿನಂತೆ ಎಳೆ ಎಳೆಯಾಗಿ ಚಮಚಕ್ಕೆ ಹಿಡಿದುಕೊಂಡಿತು. ತಪ್ಪು ಮಾಡುತ್ತ ಮಾಡುತ್ತ ಕೈಗೆ ಹದ ಬಂತು. ಓಟ್ಸನ್ನು ತವೆಯ ಮೇಲೆ ಹಸಿ ವಾಸನೆ ಹೋಗುವಷ್ಟು ಹುರಿದು, ಸಂಜೆಯೇ ತಣ್ಣನೆ ಹಾಲಿನಲ್ಲಿ ನೆನೆಹಾಕಿ ಫ್ರಿಜ್ಜಿನಲ್ಲಿಡಬೇಕು. ಖರ್ಜೂರವನ್ನೂ ಅದರಲ್ಲೇ ಮುಳುಗಿಸಬೇಕು, ಸಕ್ಕರೆ ಬೇಡ. ಬೆಳಿಗ್ಗೆ ಮೊದಲು ಹುರಿದ ಶೇಂಗಾ ಸಿಪ್ಪೆ ತೆಗೆದು ಒಣದಾಗಿಯೇ ಪುಡಿ ಮಾಡಿ, ಆಮೇಲೆ ನೆನೆದದ್ದು, ಚುಕ್ಕೆ ಬಿದ್ದ ಬಾಳೆಹಣ್ಣು, ಒಂದು ಏಲಕ್ಕಿ. ತಿರುಗಿಸುವುದು ಸ್ವಲ್ಪ ಹೊತ್ತು, ಹೆಚ್ಚಾದರೆ ಮತ್ತೆ ಅಂಟು. ಕಚೇರಿಯಲ್ಲಿ ಒಬ್ಬಳು ಇದಕ್ಕೆ ಸ್ಮೂದಿ ಅಂತಾರೆ ಎಂದಳು. ನಮ್ಮ ಮನೆಯಲ್ಲಿ ಇದು ಚಹಾ.

ಮೊದಲ ದಿನ ಅತ್ತೆ ಲೋಟದೊಳಗೆ ಇಣುಕಿದರು. ಆಗಿನ್ನೂ ಅವರ ಸ್ನಾನ ಆಗಿರಲಿಲ್ಲ.

"ಏನವಾ ಇದು?"

"ಚಹಾ ರೀ ಅತ್ತಿ. ಬ್ಯಾರೆ ಥರದ್ದು."

"ಚಮಚಾ ನಿಂದರತಾದಲ್ಲ ಇದ್ರಾಗ," ಎಂದು ಹೇಳಿ ಬಚ್ಚಲಿಗೆ ಹೋದರು. ಮತ್ತೆ ಕೇಳಲಿಲ್ಲ. ದಿನಾ ಬೆಳಿಗ್ಗೆ ಮಿಕ್ಸಿ ಗುರ್ ಎನ್ನುವಾಗ ಅವರು ಬೆನ್ನು ಹಾಕಿ ಮಣೆಯ ಮೇಲೆ ಕೂತಿರುತ್ತಿದ್ದರು. ಆ ಬೆನ್ನು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು. ಬೈದರೂ ಚೆನ್ನಾಗಿತ್ತು, ಆ ಸುಮ್ಮನಿರುವಿಕೆಯನ್ನು ನನಗೆ ತಡೆಯಲಾಗುತ್ತಿರಲಿಲ್ಲ. ಐದನೇ ತಿಂಗಳು ದಾಟಿತು, ಆರು ದಾಟಿತು, ಕುಬುಸದ ಮಾತು ಅವರ ಬಾಯಲ್ಲಿ ಬರಲಿಲ್ಲ. ಈ ಕೂಸೂ ನಿಲ್ಲುವುದಿಲ್ಲ ಎಂದು ಇವರು ಮನಸ್ಸಿನಲ್ಲೇ ಮುಗಿಸಿಬಿಟ್ಟಿದ್ದಾರೆ ಎಂದುಕೊಂಡೆ. ಲೋಟವನ್ನು ಬೇಕೆಂದೇ ಕಟ್ಟೆಯ ಮೇಲೆ ಕುಕ್ಕಿ ಇಡುತ್ತಿದ್ದೆ.

ಕೂಸಿಗೆ ಆ ಮಿಕ್ಸಿಯ ಸದ್ದು ಗೊತ್ತಾಗಿತ್ತು. ಗುರ್ ಎಂದ ಕೂಡಲೇ ಒಳಗೆ ಒಂದು ಒದೆ, ಲೋಟ ಖಾಲಿಯಾಗುವಷ್ಟರಲ್ಲಿ ಇನ್ನೊಂದು. ಬಸ್ಸು ಹತ್ತುವ ಮೊದಲು ನನಗೆ ಸಿಗುತ್ತಿದ್ದ ಸಮಾಧಾನ ಅಷ್ಟೇ. ಯಾದಗಿರಿಯ ನರ್ಸು ಅತ್ತೆಯ ಎದುರಿಗೇ ಹೇಳಿದ್ದಳು: "ಕೂಸು ಆಡದಂಗ ಅನಿಸಿದ್ರ ತಣ್ಣಂದು, ಸಿಹೀದು ಏನರ ಕುಡಿದು ಎಡಮಗ್ಗಲಿಗಿ ಮಕ್ಕೊಳ್ರಿ. ಅದಕ್ಕೂ ಆಡದಿದ್ರ ದಾರಿ ಕಾಯಬ್ಯಾಡ್ರಿ, ಕೂಡ್ಲೆ ಬರ್ರಿ."

ಏಳನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಎದ್ದಾಗ ಹೊಟ್ಟೆ ಸುಮ್ಮನಿತ್ತು. ಮಲಗಿದ್ದೀಯಾ ಎಂದು ಹೊಟ್ಟೆಗೆ ಕೇಳಿದೆ. ಮುಖ ತೊಳೆದೆ, ಸೀರೆ ಉಟ್ಟೆ, ಮತ್ತೆ ಮುಖ ತೊಳೆದೆ. ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ ತಿರುಗಿದೆ. ಏನೂ ಇಲ್ಲ. ಸರಿ, ಮಿಕ್ಸಿ ಸದ್ದಾದರೆ ಏಳುತ್ತದೆ ಎಂದು ನೆನೆದ ಓಟ್ಸಿನ ಬೋಗುಣಿ ತೆಗೆದು, ಬಾಳೆಹಣ್ಣು ಸುಲಿದು, ಸ್ವಿಚ್ಚು ಒತ್ತಿದೆ. ಕರೆಂಟು ಇಲ್ಲ.

ಸುಮ್ಮನೆ ಹಾಲಿಗೆ ಸಕ್ಕರೆ ಹಾಕಿ ಕುಡಿಯಬಹುದಿತ್ತು. ಅದೇ ತಣ್ಣನೆ, ಅದೇ ಸಿಹಿ. ಆ ಗಳಿಗೆಯಲ್ಲಿ ಅದು ಹೊಳೆಯಲೇ ಇಲ್ಲ. ಮಿಕ್ಸಿ ತಿರುಗದಿದ್ದರೆ ಕೂಸು ಏಳುವುದಿಲ್ಲ ಎಂದೇ ತಲೆಯಲ್ಲಿ ಕೂತಿತ್ತು. ಸ್ವಿಚ್ಚನ್ನು ಮೇಲೆ ಮಾಡಿದೆ, ಕೆಳಗೆ ಮಾಡಿದೆ, ವೈರು ಕಿತ್ತು ಇನ್ನೊಂದು ಪ್ಲಗ್ಗಿಗೆ ಹಾಕಿದೆ, ಮತ್ತೆ ಮೊದಲಿನದಕ್ಕೆ ತಂದೆ. ಹಿಂದೆ ಅತ್ತೆ ಮಣೆಯ ಮೇಲೆ ಕೂತಿದ್ದಾರೆ, ಅಂಗೈಯಲ್ಲಿ ಲಿಂಗ ಇದೆ ಎಂದು ಗೊತ್ತಿದ್ದೂ ಬಾಯಿಂದ ಬಂದುಬಿಟ್ಟಿತು.

"ಅತ್ತೀ, ಕೂಸು ಆಡವಲ್ದು."

ಮತ್ತೆ ಸ್ವಿಚ್ಚು ಒತ್ತಿದೆ. ಕರಡಿಗೆಯ ಮುಚ್ಚಳ ಟಕ್ ಎಂದು ಹಾಕಿದ ಸದ್ದು ಕೇಳಿಸಿತು. ತಿರುಗಿ ನೋಡುವಷ್ಟರಲ್ಲಿ ಅತ್ತೆ ನನ್ನ ಪಕ್ಕದಲ್ಲಿದ್ದರು. ಬೋಗುಣಿಯನ್ನು ನನ್ನ ಕೈಯಿಂದ ಕಸಿದುಕೊಂಡರು.

"ಎಡಮಗ್ಗಲಿಗಿ ಮಕ್ಕೋ, ನಡಿ. ನಾ ತರ್ತೀನಿ."

ಹಾಸಿಗೆಯ ಮೇಲಿಂದಲೇ ಹಿತ್ತಲಿನ ಒಳಕಲ್ಲಿನ ಸದ್ದು ಕೇಳುತ್ತಿತ್ತು. ನೀರು ಸುರಿದು ತೊಳೆದದ್ದು, ಆಮೇಲೆ ಧಪ್, ಧಪ್. ಹಾಲು ಉಕ್ಕಿ ಹರಿದಾಗ ಏಳದ ಹೆಂಗಸು ಅರ್ಧ ಪೂಜೆಯಲ್ಲಿ ಎದ್ದು, ವಿಭೂತಿಯ ಕೈಯಲ್ಲಿ ನನ್ನ ಓಟ್ಸ್ ಕುಟ್ಟುತ್ತಿದ್ದರು. ನನಗೆ ಹೆದರಿಕೆಯೇ ಹೆಚ್ಚಾಯಿತು. ಇವರೇ ಎದ್ದರೆಂದರೆ ಆಗಬಾರದ್ದು ಆಗಿಯೇ ಹೋಗಿದೆ ಎನಿಸಿತು. ಎದ್ದು ಕೂತೆ, ಮಲಗಿದೆ, ಫೋನು ಹುಡುಕಿದೆ, ಗಂಡನಿಗೆ ಹಚ್ಚಿ ಅವರು ಎತ್ತುವ ಮೊದಲೇ ಕತ್ತರಿಸಿದೆ.

ಅತ್ತೆ ಲೋಟ ತಂದು ಬಾಯಿಯ ಹತ್ತಿರ ಹಿಡಿದರು.

"ಅತ್ತಿ, ಪೂಜಿ ಇನ್ನಾ..."

"ಪೂಜಿ ಎಲ್ಲಿಗೂ ಹೋಗಂಗಿಲ್ಲ. ಕುಡಿ."

"ಇದು..."

"ಚಹಾ ಅಲ್ಲಂತ ನಂಗ ಗೊತ್ತದ. ಚಮಚಾ ನಿಂದರೂ ಚಹಾ ಎಲ್ಲ್ಯರ ಇರ್ತದೇನು? ನಾ ಏನ್ ಹುಚ್ಚೀನ? ಕುಡಿ ಮೊದಲ."

ಕುಡಿದೆ. ತಣ್ಣಗಿತ್ತು, ದಪ್ಪಗಿತ್ತು, ಬಾಳೆಹಣ್ಣು ಇನ್ನೂ ತುಂಡು ತುಂಡಾಗಿತ್ತು. ಎಷ್ಟು ತೊಳೆದರೂ ಬಿಡದ ಶೇಂಗಾ ಚಟ್ನಿಯ ಬೆಳ್ಳುಳ್ಳಿ, ಖಾರ ಆ ಕಲ್ಲಿನಿಂದ ಇಳಿದು ಸಿಹಿಯ ಹಿಂದೆ ಚುರುಕ್ಕೆಂದಿತು. ಅತ್ತೆ ಲೋಟ ತೆಗೆದುಕೊಂಡು, ನನ್ನನ್ನು ಎಡಕ್ಕೆ ಹೊರಳಿಸಿ, ಮಂಚದ ಅಂಚಿಗೆ ಕೂತರು. ಎಡ ಅಂಗೈಯನ್ನು ಹೊಟ್ಟೆಯ ಮೇಲೆ ಇಟ್ಟರು. ದಿನಾ ಲಿಂಗ ಇಡುವ ಅಂಗೈ, ಅದರ ನಡುವೆ ವಿಭೂತಿ ಇನ್ನೂ ಬೆಳ್ಳಗಿತ್ತು. ಪೂಜೆಯಲ್ಲಿ ನೋಡುವ ಹಾಗೆಯೇ ಅದನ್ನು ನೋಡುತ್ತ ಕೂತರು, ರೆಪ್ಪೆ ಬಡಿಯದೆ. ಹೊರಗೆ ಬಸ್ಸಿನ ಹಾರನ್ನು ಕೇಳಿಸಿತು, ನನ್ನದೇ ಬಸ್ಸು. ಹೋಯಿತು.

ಒದೆ ನನಗಿಂತ ಮೊದಲು ಅವರಿಗೆ ಗೊತ್ತಾಯಿತೇನೋ. ಕೈ ಎಗರಿತು. ಮತ್ತೊಂದು ಬಂತು, ಇನ್ನೂ ಜೋರಾಗಿ, ಸರಿಯಾಗಿ ಆ ಅಂಗೈಗೇ. ಅತ್ತೆ ಕೈ ತೆಗೆಯಲಿಲ್ಲ. ಬಲಗೈಯಲ್ಲಿ ಸೆರಗು ಹಿಡಿದು ಬಾಯಿ ಮುಚ್ಚಿಕೊಂಡು ಅತ್ತರು. ನನಗೂ ಅಳು ಬಂತು. ಇಷ್ಟು ದಿನ ಅವರ ಬೆನ್ನು ನೋಡಿ ಸಿಟ್ಟಾಗಿದ್ದೆನಲ್ಲ, ಆ ಬೆನ್ನಿನ ಆಚೆ ಅವರೂ ನನ್ನಷ್ಟೇ ಹೆದರಿ ಕೂತಿದ್ದರು.

"ಎಲ್ಲಾರಕಿಂತ ಮೊದಲ ನೀ ಕುಡಿ ಇನ್ನ. ದೇವ್ರಿಗಿ ನಾ ಹೇಳ್ಕೋತೀನಿ," ಎಂದರು ಮೂಗು ಒರೆಸಿಕೊಂಡು. ಆಮೇಲೆ, ಜಗಳ ತೆಗೆಯುವವರ ದನಿಯಲ್ಲಿ, "ಏಳು, ಯಾದಗಿರಿಗಿ ಹೋಗಿ ಡಾಕ್ಟರಮ್ಮಗ ಒಂದ್ಸಲ ತೋರ್ಸಿಕೊಂಡು ಬರೂಣು. ಬರೂವಾಗ ಶಹಾಪುರದಾಗ ಇಳಿದು ಕುಬುಸಕ್ಕ ಹೊಸಾ ಸೀರಿ ತಗೊಳ್ಳೂಣು. ಪೆಟ್ಟಿಗ್ಯಾಗಿನ ಹಳೀದು ಬ್ಯಾಡ."

ಆ ದಿನ ತಂದ ಹಸಿರು ಸೀರೆಯ ಸೆರಗಿನಲ್ಲಿ ಈಗ ನನ್ನ ಮಗಳು ದಿನಾ ಬೆಳಿಗ್ಗೆ ಓಟ್ಸ್ ಹತ್ತಿದ ಬಾಯಿ ಒರೆಸಿಕೊಳ್ಳುತ್ತಾಳೆ, ಅಜ್ಜಿಯ ಪೂಜೆಗೆ ಮೊದಲೇ.